ಸತ್ಸಂಗ ಭವನಕ್ಕೆ ಹೋದ ಕಾಗದ

ಬ್ಲಡ್ ಬ್ಯಾಂಕಿನ ಕೆಲಸಕ್ಕೆ ಹೊಸದಾಗಿ ಸೇರುವವರು ಸೂಜಿಗೆ ಹೆದರುತ್ತಾರೆ. ನಾನೂ ಹೆದರಿದ್ದೆ. ಆರು ತಿಂಗಳಲ್ಲಿ ಆ ಹೆದರಿಕೆ ಹೋಗುತ್ತದೆ. ನರ ಎಲ್ಲಿದೆ ಎಂದು ಬೆರಳೇ ಹೇಳಿಕೊಡುತ್ತದೆ. ನನಗೆ ಬಹಳ ವರ್ಷ ಹೋಗದೆ ಉಳಿದ ಹೆದರಿಕೆ ಬೇರೆ. ರಕ್ತದಾನದ ಕ್ಯಾಂಪಿನಲ್ಲಿ ಮೇಜಿನ ಆಚೆ ಕೂತವರು ಊಟ ತಂದಿಟ್ಟು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಮೇಡಂ, ನೀವು ಯಾರನ್ನು ನಂಬುತ್ತೀರಿ?" ಎಂದು ಕೇಳುವ ಹೊತ್ತಿನ ಹೆದರಿಕೆ ಅದು. ಟ್ರೈನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗದಗ ಬೆಟಗೇರಿಯವಳು. ಹೆಸರು ಸುಮಿತ್ರಾ. ಅಲ್ಲಿಯ ಮಿಷನ್ ಆಸ್ಪತ್ರೆಯ ನೆರಳಿನಲ್ಲಿ ಬೆಳೆದ ಕ್ರೈಸ್ತ ಕುಟುಂಬ ನಮ್ಮದು. ನಮ್ಮ ಕಡೆಯ ಕ್ರೈಸ್ತರಲ್ಲಿ ಸುಮಿತ್ರಾ, ಸತ್ಯವತಿ, ಕರುಣಾಕರ ಎಂಬ ಹೆಸರುಗಳೇ ಹೆಚ್ಚು. ದೆಹಲಿಯವರಿಗೆ ಇದು ಹೇಗೆ ಗೊತ್ತಾಗಬೇಕು? ಅವರ ಪಾಲಿಗೆ ನಾನು ಸೀರೆ ಉಡುವ ಒಬ್ಬ ಮದ್ರಾಸಿ ಮೇಡಂ, ಅಷ್ಟೇ. ಹಣೆಗೆ ಕುಂಕುಮವಿಲ್ಲ ಎಂದರೆ ಲ್ಯಾಬಿನವರು ಇಡುವುದಿಲ್ಲವೇನೋ ಎಂದುಕೊಳ್ಳುತ್ತಿದ್ದರು. ಪತಿಗೆ ಕೇಂದ್ರ ಸರ್ಕಾರದಲ್ಲಿ ಗುಮಾಸ್ತಿಕೆ, ನನಗೆ ದೊಡ್ಡದೊಂದು ಸರ್ಕಾರಿ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಕೆಲಸ, ಸರೋಜಿನಿ ನಗರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಗೆಯೇ ವರ್ಷಗಳು ಕಳೆದವು.

ನಾನು ಸೇರಿದಾಗ ರಕ್ತವನ್ನು ಗಾಜಿನ ಬಾಟಲಿಯಲ್ಲಿ ತೆಗೆಯುತ್ತಿದ್ದೆವು. ಆಸ್ಪತ್ರೆಯ ಗೇಟಿನ ಹೊರಗೆ ರಕ್ತ ಮಾರುವವರು ಬೀಡಿ ಸೇದುತ್ತಾ ಕೂತಿರುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಚೀಲ ಬಂತು, ಮಾರುವವರಿಗೆ ಬಾಗಿಲು ಮುಚ್ಚಿತು. ಒಳ್ಳೆಯದೇ ಆಯಿತು. ಆದರೆ ರಕ್ತ ಎಲ್ಲಿಂದ ತರಬೇಕು? ಕಾಲೇಜುಗಳು ಬೇಸಿಗೆಗೆ ಮುಚ್ಚುತ್ತವೆ. ಆಫೀಸಿನವರು ರಜೆಗೆ ಊರಿಗೆ ಹೋಗುತ್ತಾರೆ. ಜೂನ್ ತಿಂಗಳಲ್ಲಿ ನಮ್ಮ ಫ್ರಿಜ್ ತೆಗೆದರೆ ಬರೀ ತಂಪು ಗಾಳಿ. ಆಗ ಕೈ ಹಿಡಿದವರು ಧರ್ಮದವರು. ಗುರುದ್ವಾರದವರು, ಚರ್ಚಿನವರು, ಜೈನ ಸಭೆಯವರು, ಮೊಹರಂ ಹೊತ್ತಿಗೆ ಓಖ್ಲಾ ಕಡೆಯ ಹುಡುಗರು, ಎಲ್ಲರ ಅಂಗಳದಲ್ಲೂ ನಾನು ನಮ್ಮ ಮಡಿಸುವ ಮಂಚಗಳನ್ನು ಹಾಕಿದ್ದೇನೆ. ನಮ್ಮ ಮುಖ್ಯಸ್ಥರು ಡಾ. ಭಾರ್ಗವ ಎಂದು, ಸಣ್ಣ ಮೈಯ, ದೊಡ್ಡ ಗಂಟಲಿನ ಮನುಷ್ಯ. "ದೇವರು ಅವರವರದಿರಲಿ, ಚೀಲ ಮಾತ್ರ ನಮ್ಮದು" ಎನ್ನುತ್ತಿದ್ದರು. ಅವರಿಗೆ ಹೇಳಲು ಸುಲಭ. ಮೇಜಿನ ಮುಂದೆ ಕೂರುತ್ತಿದ್ದವಳು ನಾನು.

ಎಲ್ಲಕ್ಕಿಂತ ದೊಡ್ಡ ಕ್ಯಾಂಪು ಇಂದಿರಾಪುರಂ ಕಡೆಯ ಒಂದು ಸತ್ಸಂಗದ್ದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅವರ ಗುರುಗಳನ್ನು ಮಹಾರಾಜ್‌ಜಿ ಎನ್ನುತ್ತಿದ್ದರು. ಅವರ ಹುಟ್ಟುಹಬ್ಬ ಜೂನ್‌ನಲ್ಲಿ, ಕ್ಯಾಂಪೂ ಆ ದಿನವೇ. ಹೊಸ ಹೊಸ ಟವರುಗಳು ಏಳುತ್ತಿದ್ದ ಕಾಲ, ರಸ್ತೆಯಲ್ಲೆಲ್ಲ ಸಿಮೆಂಟಿನ ಧೂಳು. ಆ ಧೂಳಿನ ಮಧ್ಯೆ ಬಿಳಿ ಬಣ್ಣದ ಭವನ, ಒಳಗೆ ತಂಪು, ನೆಲದ ಮೇಲೆ ಒಂದು ಕಸದ ಕಡ್ಡಿ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೇ ಜನ ಸಾಲಾಗಿ ಕೂತಿರುತ್ತಿದ್ದರು. ಒಬ್ಬರನ್ನು ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸ್ ಕಳಿಸಿದರೆ ಅಳುತ್ತಿದ್ದರು. ನೀಲಿ ದ್ರಾವಣದ ಲೋಟದಲ್ಲಿ ರಕ್ತದ ಹನಿ ಮುಳುಗಿದರೆ ಪಾಸು, ತೇಲಿದರೆ ಫೇಲು. ಅವರು ಆ ಹನಿ ಮುಳುಗಲಿ ಎಂದು ಕಣ್ಣು ಮುಚ್ಚಿ ಜಪ ಮಾಡುವುದನ್ನು ನಾನು ನೋಡಿದ್ದೇನೆ. ಅಂಥ ದಾನಿಗಳು ಯಾವ ಬ್ಲಡ್ ಬ್ಯಾಂಕಿಗೆ ಬೇಡ?

ಕ್ಯಾಂಪಿನ ಪೂರ್ತಿ ಉಸ್ತುವಾರಿ ಸವಿತಾ ಬೆಹನ್‌ಜಿಯವರದು. ಐವತ್ತೈದರ ಆಸುಪಾಸು, ಯಜಮಾನರು ಬ್ಯಾಂಕಿನಿಂದ ನಿವೃತ್ತರು, ಒಬ್ಬನೇ ಮಗ ನೋಯ್ಡಾದಲ್ಲಿ ಕೆಲಸಕ್ಕಿದ್ದ. ಭವನಕ್ಕೆ ಬರುವ ಟಪಾಲಿನಿಂದ ಹಿಡಿದು ಅಡುಗೆಮನೆಯ ಉಪ್ಪಿನವರೆಗೆ ಎಲ್ಲ ಅವರ ಕೈಯಲ್ಲೇ. ಮೊದಲ ವರ್ಷ ನಮಗೆಲ್ಲ ಬಾಗಿಲಲ್ಲೇ ತಿಲಕವಿಟ್ಟರು. ನಾನು ತಲೆ ಬಗ್ಗಿಸಿದೆ. ಎರಡನೆಯ ವರ್ಷ ಪ್ರವಚನಕ್ಕೆ ಕೂರಿಸಿದರು. ಮೂರನೆಯ ವರ್ಷ ಪುಸ್ತಕ ಕೊಟ್ಟರು. ನಾಲ್ಕನೆಯ ವರ್ಷ ನನ್ನ ಕೈ ಹಿಡಿದುಕೊಂಡು, "ಸುಮಿತ್ರಾಜಿ, ಇಷ್ಟು ಜನರ ಸೇವೆ ಮಾಡ್ತೀರಿ. ನಾಮ ತಗೊಂಡುಬಿಡಿ. ಆಮೇಲೆ ನೋಡಿ, ಮನಸ್ಸು ಹೇಗೆ ಹಗುರ ಆಗತ್ತೆ" ಎಂದರು. ನಾಮ ಎಂದರೆ ಅವರಲ್ಲಿ ದೀಕ್ಷೆ. ಮಾತೆಲ್ಲ ಹಿಂದಿಯಲ್ಲೇ ನಡೆಯುತ್ತಿತ್ತು; ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮನೆಯವರನ್ನು ಕೇಳಿ ಹೇಳ್ತೀನಿ" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಮನೆಯವರನ್ನು ನಿಜವಾಗಿಯೂ ಕೇಳಿದೆ. ನನ್ನ ಪತಿ ದೇವಕುಮಾರ ಪೇಪರಿನಿಂದ ಮುಖ ಎತ್ತದೆ, "ನಾವು ಕ್ರಿಶ್ಚಿಯನ್ ಮಂದಿ ಅದೀವಿ ಅಂತ ಹೇಳಿಬಿಡು. ಅವರೇನು ನಿನ್ನ ನುಂಗತಾರೇನು?" ಎಂದರು. ದೆಹಲಿಯಲ್ಲೇ ಹುಟ್ಟಿದ ಮಗಳು, "ಅಮ್ಮಾ, ಸಿಂಪಲ್ ಹೈ. ಬೋಲ್ ದೋ ನಾ, ಹೇಳಿಬಿಡು" ಎಂದಳು. ಇಬ್ಬರಿಗೂ ಸಿಂಪಲ್. ನನಗೆ ಆಗಿರಲಿಲ್ಲ. ಆ ವರ್ಷಗಳಲ್ಲಿ ಪೇಪರು ತೆಗೆದರೆ ಮತಾಂತರದ ಜಗಳಗಳೇ. ಹೇಳಿದರೆ ಬೆಹನ್‌ಜಿ ಏನೂ ಅನ್ನಲಿಕ್ಕಿಲ್ಲ, ಅವರ ಹಿಂದೆ ಇರುವ ಕಮಿಟಿಯವರು? ಇಷ್ಟು ವರ್ಷ ನಮ್ಮ ಪ್ರಸಾದ ತಿಂದು ಬಾಯಿ ಮುಚ್ಚಿಕೊಂಡಿದ್ದಳು ಎಂದರೆ? ಕ್ಯಾಂಪನ್ನು ಬೇರೆ ಆಸ್ಪತ್ರೆಗೆ ಕೊಟ್ಟುಬಿಟ್ಟರೆ? ಜೂನ್‌ನಲ್ಲಿ ಹೆರಿಗೆ ವಾರ್ಡಿನಿಂದ ಸಿಸ್ಟರ್ ಓಡಿ ಬಂದಾಗ ಖಾಲಿ ಫ್ರಿಜ್ ತೋರಿಸುವವಳು ನಾನೇ ತಾನೆ? ಹೀಗೆ ಒಂದು ಹೆದರಿಕೆಗೆ ನೂರು ಬಾಲ ಕಟ್ಟಿ ಕೂತಿದ್ದೆ.

ಇನ್ನೊಂದು ಮಾತೂ ಇತ್ತು, ಅದನ್ನು ಮನೆಯಲ್ಲೂ ಹೇಳಿರಲಿಲ್ಲ. ನಮ್ಮ ಅಪ್ಪ ಗದಗಿನ ಸಂತೆಯಲ್ಲಿ ಸುವಾರ್ತೆಯ ಕರಪತ್ರ ಹಂಚುತ್ತಿದ್ದರು. ನಾನು ಚಿಕ್ಕವಳು, ಚೀಲ ಹಿಡಿದು ಹಿಂದೆ ಹೋಗುತ್ತಿದ್ದೆ. ಜನ ಬೇಡವೆನ್ನದೆ ತೆಗೆದುಕೊಂಡು, ನಾಲ್ಕು ಹೆಜ್ಜೆ ಆಚೆ ಅದರಲ್ಲೇ ಶೇಂಗಾ ಕಟ್ಟಿಸಿಕೊಳ್ಳುತ್ತಿದ್ದರು. ಅಪ್ಪ ನೋಡಿಯೂ ನೋಡದವರ ಹಾಗೆ ಮುಂದಿನವರಿಗೆ ಕೈ ಚಾಚುತ್ತಿದ್ದರು. ಬೆಹನ್‌ಜಿ ಪುಸ್ತಕ ಕೊಡುವಾಗ ಅವರ ಮುಖದಲ್ಲಿ ನಮ್ಮ ಅಪ್ಪನ ಮುಖವೇ ಇರುತ್ತಿತ್ತು. ಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆ ಸತ್ಸಂಗದವರಲ್ಲಿ ಒಂದು ರೂಢಿಯಿತ್ತು. ದಾನಿಯ ಫಾರ್ಮಿನಲ್ಲಿ ವಿಳಾಸ ಎಂದಿರುವಲ್ಲಿ ಬಹಳ ಜನ ಸತ್ಸಂಗ ಭವನದ ವಿಳಾಸ ಬರೆಯುತ್ತಿದ್ದರು. ಫೋನ್ ನಂಬರೂ ಭವನದ್ದೇ. ಮೋಸವಿಲ್ಲ, ಭಕ್ತಿ. ಅವರ ನಂಬಿಕೆಯಲ್ಲಿ ಮನೆ ಎಂದರೆ ಗುರುವಿನ ಮನೆ. ನಾನು ಇದನ್ನು ಮೊದಲ ವರ್ಷವೇ ಕಂಡುಕೊಂಡಿದ್ದೆ. ಪ್ರತಿ ಫಾರ್ಮನ್ನೂ ತಿರುಗಿಸಿ, "ಭಯ್ಯಾ, ನೀವು ಮಲಗೋ ಮನೆ ಹೇಳಿ" ಎಂದು ಕೇಳಿ ಬರೆಸುತ್ತಿದ್ದೆ. ಯಾಕೆಂದರೆ ನಮ್ಮ ಕೆಲಸದ ಪದ್ಧತಿ ಆಗ ಬದಲಾಗಿತ್ತು. ಹಿಂದೆಲ್ಲ ಪರೀಕ್ಷೆಯಲ್ಲಿ ರಕ್ತ ಕೆಟ್ಟದ್ದು ಎಂದು ಬಂದರೆ ಚೀಲ ಸುಟ್ಟು ಸುಮ್ಮನಾಗುತ್ತಿದ್ದೆವು; ಕೊಟ್ಟವನಿಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಫಾರ್ಮಿನಲ್ಲಿ ಒಂದು ಪ್ರಶ್ನೆ ಸೇರಿತ್ತು, ಫಲಿತಾಂಶ ತಿಳಿಸಬೇಕೇ ಎಂದು. ಹೌದು ಎಂದವರಿಗೆ ಕಾಗದ ಬರೆದು ಕರೆಸಬೇಕು, ಅವರೊಬ್ಬರಿಗೇ ಹೇಳಬೇಕು. ಗಂಡ, ಹೆಂಡತಿ, ತಾಯಿ, ಗುರು, ಯಾರಿಗೂ ನಾವು ಹೇಳುವ ಹಾಗಿಲ್ಲ.

ಐದನೆಯ ವರ್ಷದ ಕ್ಯಾಂಪಿನಲ್ಲಿ ಬೆಹನ್‌ಜಿ ಬೆಳಿಗ್ಗೆಯಿಂದ ನನ್ನ ಪಕ್ಕ ಬಿಟ್ಟು ಏಳಲಿಲ್ಲ. "ಮನೆಯವರು ಏನಂದರು? ಈ ಸಲ ಮಹಾರಾಜ್‌ಜಿ ತಾವೇ ನಾಮ ಕೊಡ್ತಿದ್ದಾರೆ. ಇಂಥ ಯೋಗ ಯಾವಾಗಲೂ ಬರಲ್ಲ." ನಾನು ಉತ್ತರ ಕೊಡಬಾರದೆಂದು ತಲೆ ಬಗ್ಗಿಸಿ ಫಾರ್ಮಿನ ಮೇಲೆ ಫಾರ್ಮಿಗೆ ಸಹಿ ಹಾಕುತ್ತಾ ಹೋದೆ. ಕೆಲಸ ಬಹಳ ಇರುವವಳ ಹಾಗೆ ನಟಿಸಲು ಹೋಗಿ ಮಾಡಬೇಕಾದ ಕೆಲಸವನ್ನೇ ಬಿಟ್ಟೆ. ನಡುವೆ ಬೆಹನ್‌ಜಿ ಒಬ್ಬ ಹುಡುಗಿಯನ್ನು ಕರೆದು ಮುಂದೆ ನಿಲ್ಲಿಸಿದರು. ತೆಳ್ಳಗೆ, ಹಸಿರು ಸಲ್ವಾರ್, ನಗುಮುಖ. "ನೇಹಾ, ನನ್ನ ಸೊಸೆ ಆಗೋಳು. ಓಖ್ಲಾದಲ್ಲಿ ಬಟ್ಟೆ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ. ನವೆಂಬರ್‌ನಲ್ಲಿ ಮದುವೆ, ನೀವು ಬರಲೇಬೇಕು." ಹುಡುಗಿ ಮೊದಲ ಸಲ ರಕ್ತ ಕೊಡುತ್ತಿದ್ದಳು. ಅವಳ ಹನಿ ಕಲ್ಲಿನ ಹಾಗೆ ಮುಳುಗಿತು. ನಾನೇ ಸೂಜಿ ಹಾಕಿದೆ.

ಎರಡು ದಿನಕ್ಕೆ ಪರೀಕ್ಷೆಗಳು ಮುಗಿದವು. ಹೆಪಟೈಟಿಸ್ ಬಿ ಸೋಂಕು ತೋರಿಸಿದ ಚೀಲಗಳ ನಂಬರುಗಳು ಬಂದವು. ನಾನು ನಂಬರಿಗೆ ಫಾರ್ಮು ಹೊಂದಿಸಿ, ಅಚ್ಚಾದ ಕಾಗದದಲ್ಲಿ ಏನು ಬರೆಯುತ್ತಿದ್ದೇನೆ ಎಂದು ಗಮನಿಸದೆ ಹೆಸರು, ವಿಳಾಸ ತುಂಬಿ, ಅಂಟಿಸಿ, ಟಪಾಲಿಗೆ ಹಾಕಿಸಿದೆ. ಕಾಗದದಲ್ಲಿ ರೋಗದ ಹೆಸರಿಲ್ಲ. ನಿಮ್ಮ ರಕ್ತದ ವಿಷಯವಾಗಿ ಖುದ್ದಾಗಿ ಬಂದು ಕಾಣಿ ಎಂದಷ್ಟೇ ಇರುತ್ತದೆ. ಮರುದಿನ ಫಾರ್ಮುಗಳನ್ನು ಫೈಲಿಗೆ ಸೇರಿಸುವಾಗ ಒಂದರ ಮೇಲೆ ಕೈ ನಿಂತಿತು. ನೇಹಾ, ವಯಸ್ಸು ಇಪ್ಪತ್ಮೂರು. ವಿಳಾಸ: ಸತ್ಸಂಗ ಭವನ, ಇಂದಿರಾಪುರಂ.

ಆ ಭವನದ ಟಪಾಲು ಒಡೆಯುವವರು ಯಾರು ಎಂಬುದು ನನಗೆ ಗೊತ್ತಿತ್ತು. ಹುಡುಗಿಯ ರೋಗದ ಸುಳಿವನ್ನು ನಾನು ಅವಳ ಅತ್ತೆಯಾಗುವವಳ ಕೈಗೇ ಕಳಿಸಿಕೊಟ್ಟಿದ್ದೆ.

ಡಾ. ಭಾರ್ಗವರಿಗೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಹೋಗಿ ವಾಪಸ್ ತನ್ನಿ. ಕೊಡದಿದ್ದರೆ ಹುಡುಗಿಯನ್ನು ಹುಡುಕಿ. ಬಾಯಿ ಮಾತ್ರ ಬಿಡಬೇಡಿ" ಎಂದರು. ಫೋನ್ ಮಾಡಿ ಕೇಳೋಣವೆಂದರೆ ಅನುಮಾನ ಬರುತ್ತದೆ. ಶನಿವಾರ ಬೆಳಿಗ್ಗೆ ಆಟೋ ಹುಡುಕಿದೆ. ಇಂದಿರಾಪುರಂ ಎಂದ ಕೂಡಲೇ ದೆಹಲಿಯ ಗಡಿ ದಾಟಬೇಕು, ಬರುವುದಿಲ್ಲ ಎಂದು ಮೂರು ಜನ ಮುಖ ತಿರುಗಿಸಿದರು. ನಾಲ್ಕನೆಯವನು ಒಪ್ಪಿದ. ದಾರಿಯುದ್ದಕ್ಕೂ ಕಾಗದ ಇನ್ನೂ ಬಂದಿರದಿರಲಿ, ಪೋಸ್ಟ್‌ಮನ್ ಎಲ್ಲಾದರೂ ಬೀಳಿಸಿರಲಿ ಎಂದು ಪ್ರಾರ್ಥಿಸಿದೆ. ಇನ್ನೊಬ್ಬರ ಕೆಲಸ ಕೆಡಲಿ ಎಂದು ದೇವರನ್ನು ಕೇಳಿದ್ದು ಅದೇ ಮೊದಲು.

ಬೆಹನ್‌ಜಿ ಆಫೀಸು ಕೋಣೆಯಲ್ಲಿ ಮಹಾರಾಜ್‌ಜಿಯ ದೊಡ್ಡ ಫೋಟೋದ ಕೆಳಗೆ ಕೂತಿದ್ದರು. ಮೇಜಿನ ಮೇಲೆ ನಮ್ಮ ಆಸ್ಪತ್ರೆಯ ಲಕೋಟೆ, ಒಡೆದದ್ದು.

"ಬನ್ನಿ ಬನ್ನಿ. ನಿಮ್ಮದೇ ಯೋಚನೆ ಮಾಡ್ತಿದ್ದೆ. ನಮ್ಮ ನೇಹಾಗೆ ಇದೇನು ಬಂದಿದೆ? ರಕ್ತದ ವಿಷಯ ಅಂದರೆ ಏನು ವಿಷಯ?"

"ಅದು... ಅವರ ಹತ್ತಿರಾನೇ ಮಾತಾಡಬೇಕಿತ್ತು. ನಂಬರ್ ಇದ್ದರೆ ಕೊಡಿ."

"ನನ್ನ ಹತ್ತಿರ ಹೇಳಿ. ನಾನು ಅವಳ ತಾಯಿ ಇದ್ದ ಹಾಗೆ." ಆಮೇಲೆ ದನಿ ತಗ್ಗಿಸಿ, "ಏನಾದರೂ ಕೆಟ್ಟದ್ದಾ? ಇದ್ದರೆ ಈಗಲೇ ಹೇಳಿಬಿಡಿ ಸುಮಿತ್ರಾಜಿ. ಕಾರ್ಡು ಅಚ್ಚಿಗೆ ಕೊಡೋದಿದೆ" ಎಂದರು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸುಮ್ಮನಿದ್ದರೆ ಕೆಟ್ಟದ್ದೇ ಎಂದಾಗುತ್ತದೆ. ಆ ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಇದು: "ಛೆ, ಕೆಟ್ಟದ್ದೇನೂ ಇಲ್ಲ. ಅವರ ರಕ್ತ ಸ್ವಲ್ಪ ವಿಶೇಷದ್ದು. ಎಲ್ಲರಲ್ಲೂ ಸಿಗೋದಲ್ಲ. ಇನ್ನೊಂದು ಸಲ ನೋಡಬೇಕು, ಅದಕ್ಕೆ ಕರೆದಿದ್ದು."

ಬೆಹನ್‌ಜಿಯ ಮುಖ ಅರಳಿತು. ಎದ್ದು ನಿಂತು ಫೋಟೋಕ್ಕೆ ಕೈ ಮುಗಿದರು. "ನನಗೆ ಗೊತ್ತಿತ್ತು. ಈ ಹುಡುಗಿಯಲ್ಲಿ ಏನೋ ಇದೆ ಅಂತ ಮೊದಲ ದಿನಾನೇ ಅನ್ನಿಸಿತ್ತು. ಸೋಮವಾರ ನಾನೇ ಕರಕೊಂಡು ಬರ್ತೀನಿ." ನನಗೊಂದು ಲೋಟ ಶರಬತ್ತು ಕುಡಿಸಿ, ಇನ್ನೊಂದು ಪುಸ್ತಕ ಕೊಟ್ಟು ಕಳಿಸಿದರು.

ಭಾನುವಾರ ಚರ್ಚಿನಿಂದ ಮನೆಗೆ ಬಂದು ಅನ್ನಕ್ಕೆ ಇಡುವಾಗ ಫೋನ್ ಬಂತು. ಬೆಹನ್‌ಜಿ. "ಇವತ್ತು ಸಭೆಯಲ್ಲಿ ಹೇಳಿದೆ. ಭವನದ ತುಂಬಾ ಜನ. ಮಹಾರಾಜ್‌ಜಿಯ ಕೃಪೆಯಿಂದ ನಮ್ಮ ಸತ್ಸಂಗದ ಒಬ್ಬ ಹೆಣ್ಣುಮಗಳ ರಕ್ತ ದೊಡ್ಡ ಆಸ್ಪತ್ರೆಯವರೇ ಹುಡುಕಿಕೊಂಡು ಬರೋ ಅಂಥದ್ದು ಅಂತ. ಎಲ್ಲರೂ ಅವಳ ತಲೆ ಮುಟ್ಟಿ ಆಶೀರ್ವಾದ ಮಾಡಿದರು. ನಾಲ್ಕು ಜನ ಹೊಸಬರು ನಾಮಕ್ಕೆ ಹೆಸರು ಕೊಟ್ಟರು, ಗೊತ್ತಾ?"

ನಾನು ಒಲೆ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತೆ. ಯೇಸುವಿನ ಮಗಳು ಎಂದು ಹೇಳಿಕೊಳ್ಳುವವಳು ಹೇಳಿದ ಸುಳ್ಳು ಇನ್ನೊಬ್ಬರ ಗುರುವಿನ ಪವಾಡವಾಗಿತ್ತು. ಪತಿಗೆ ಹೇಳಿದರೆ ಮೊದಲು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. "ಆ ಹುಡುಗಿಗೆ ಮಂಗಳಾರತಿ ಮಾಡಿಸಿ ನಾಳೆ ಏನ ಹೇಳಾಕಿ ನೀ?" ಎಂದರು. ಅದೇ ಪ್ರಶ್ನೆ ನನ್ನದೂ. ಕಾಗದ ತಲುಪಿದಾಗ ಅವಳೊಬ್ಬಳು ಹೆದರುವುದಿತ್ತು. ಈಗ ಅವಳನ್ನು ಅಟ್ಟಕ್ಕೆ ಏರಿಸಿ ಏಣಿ ತೆಗೆದಿದ್ದೆ. ಸೋಮವಾರ ಬೆಳಿಗ್ಗೆ ಡಾ. ಭಾರ್ಗವರು, "ನೀವು ಹೇಳಬೇಕಿದ್ದದ್ದು ಒಂದೇ ಮಾತು: ಹೇಳುವ ಹಾಗಿಲ್ಲ. ಇಷ್ಟು ವರ್ಷದ ಸರ್ವಿಸಿನಲ್ಲಿ ಅದನ್ನು ಕಲಿಯಲಿಲ್ಲವೇ?" ಎಂದರು. ಹೊಸಬರೇ, ನೀವಾದರೂ ಕಲಿಯಿರಿ. ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿ.

ಹನ್ನೊಂದಕ್ಕೆ ಇಬ್ಬರೂ ಬಂದರು. ಬೆಹನ್‌ಜಿಯ ಕೈಯಲ್ಲಿ ಲಡ್ಡುವಿನ ಡಬ್ಬಿ, ಲ್ಯಾಬಿನವರಿಗೆಲ್ಲ ಹಂಚಿದರು. ಸಂಗಡಿಗರು ಯಾರ ಮುಖವನ್ನೂ ನೋಡದೆ ತಿಂದರು. ನಾನು ನೇಹಾಳನ್ನು ಒಳಗೆ ಕರೆದೆ. ಸ್ಟೋರ್ ರೂಮಿನ ಅರ್ಧವನ್ನು ಪರದೆ ಕಟ್ಟಿ ಬೇರೆ ಮಾಡಿದ್ದ ಜಾಗ ಅದು, ಎರಡು ಸ್ಟೂಲು, ಒಂದು ಮೇಜು. ಬೆಹನ್‌ಜಿಯೂ ಎದ್ದರು.

"ದಾನಿಗಳು ಮಾತ್ರ ಬರಬೇಕು, ಬೆಹನ್‌ಜಿ."

"ನನ್ನ ಹತ್ತಿರ ಏನು ಗುಟ್ಟು?"

"ನಿಯಮ" ಎಂದೆ. ಅವರು ಕೂತರು, ಆದರೆ ನಗು ನಿಂತಿತು.

ಒಳಗೆ ನಾನು ಸುತ್ತಿ ಬಳಸಲಿಲ್ಲ. ಶಕ್ತಿಯಿರಲಿಲ್ಲ. ನಿನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ಸೋಂಕು ತೋರಿಸಿದೆ, ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕು, ಲಿವರ್ ಡಾಕ್ಟರನ್ನು ಕಾಣಬೇಕು, ಬಹಳ ಜನ ಇದನ್ನಿಟ್ಟುಕೊಂಡು ಚೆನ್ನಾಗಿ ಬದುಕುತ್ತಾರೆ, ವಿಶೇಷ ರಕ್ತ ಎಂದದ್ದು ನನ್ನ ಸುಳ್ಳು, ಎಂದೆ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿದಳು.

"ಆಂಟಿ, ಇದು ತಾಯಿಯಿಂದ ಬರತ್ತಾ?"

"ಬರಬಹುದು. ಹುಟ್ಟುವಾಗಲೇ."

"ನಮ್ಮಮ್ಮ ಲಿವರ್ ಕೆಟ್ಟು ಹೋದರು. ನಾನು ಆರನೇ ಕ್ಲಾಸು." ದುಪಟ್ಟಾ ಬಿಟ್ಟು ನನ್ನ ಕಡೆ ನೋಡಿದಳು. "ಕಾಗದ ಭವನಕ್ಕೆ ಯಾಕೆ ಕಳಿಸಿದಿರಿ?"

"ನೀನು ಅದನ್ನೇ ಬರೆದಿದ್ದೆ. ನಾನು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನನ್ನದು."

"ನಾನಿರೋದು ಮಾಮಾನ ಮನೆಯಲ್ಲಿ. ಅದನ್ನ ನನ್ನ ಮನೆ ಅಂತ ಬರೆಯೋಕೆ ಮನಸ್ಸು ಬರಲಿಲ್ಲ." ಆಮೇಲೆ ಪರದೆಯಾಚೆ ಬೆಹನ್‌ಜಿ ಬೆಂಚಿನ ಮೇಲೆ ಕೂತಿದ್ದ ಕಡೆ ನೋಡಿದಳು. "ಮಮ್ಮಿಜಿಗೆ ಏನು ಹೇಳಲಿ? ನನಗೆ ಇರೋದು ಅವರೊಬ್ಬರೇ."

ಈಗ ಅವಳ ಮದುವೆ, ಅವಳ ತಾಯಿ, ಅವಳ ಮನೆ, ಮೂರೂ ಆ ಬೆಂಚಿನ ಮೇಲೆ ಕೂತಿದ್ದವು. ನಾನು ಕಲಿತದ್ದನ್ನು ಹೇಳಿದೆ: ಹೇಳುವುದೂ ಬಿಡುವುದೂ ನಿನ್ನ ಇಷ್ಟ, ಆಸ್ಪತ್ರೆಯಿಂದ ಯಾರಿಗೂ ಹೋಗುವುದಿಲ್ಲ. ಆದರೆ ಮದುವೆಯಾಗುವ ಹುಡುಗನಿಗೆ ಮೊದಲೇ ಹೇಳಲೇಬೇಕು. ಅವನಿಗೆ ತಗುಲದ ಹಾಗೆ ಲಸಿಕೆಯಿದೆ. ಅವಳು ಕೈ ಚಾಚಿದಳು. ಮತ್ತೆ ಸ್ವಲ್ಪ ರಕ್ತ ತೆಗೆದುಕೊಂಡೆ. ಅವಳು ಹತ್ತಿ ಒತ್ತಿಹಿಡಿದುಕೊಂಡೇ ಎದ್ದು, "ನಾನೇ ಹೇಳ್ತೀನಿ. ನೀವು ಬರಬೇಡಿ" ಎಂದು ಹೊರಗೆ ಹೋದಳು.

ಪರದೆಯ ಸಂದಿಯಿಂದ ನೋಡಿದೆ. ನಾಚಿಕೆಯಿಲ್ಲದೆ ನೋಡಿದೆ. ಇಬ್ಬರೂ ಬೆಂಚಿನ ತುದಿಗೆ ಕೂತಿದ್ದರು. ಹುಡುಗಿ ನೆಲ ನೋಡುತ್ತಾ ಮಾತಾಡುತ್ತಿದ್ದಳು. ಬೆಹನ್‌ಜಿ ಒಮ್ಮೆ ಅವಳಿಂದ ಸ್ವಲ್ಪ ಸರಿದು ಕೂತರು. ಮುಗಿಯಿತು ಇವಳ ಕಥೆ, ನಾನೇ ಮುಗಿಸಿದೆ ಎಂದುಕೊಂಡೆ. ಆಮೇಲೆ ಬೆಹನ್‌ಜಿ ಎದ್ದು ನೇರ ಪರದೆಯ ಒಳಗೆ ಬಂದರು.

"ಮಹಾರಾಜ್‌ಜಿಯ ಫೋಟೋದ ಎದುರು ಕೂತು ಸುಳ್ಳು ಹೇಳಿದಿರಿ."

"ಹೌದು."

"ಆ ಸುಳ್ಳನ್ನ ಅಷ್ಟು ಜನರ ಎದುರು ನನ್ನ ಬಾಯಿಂದ ಹೇಳಿಸಿದಿರಿ. ನಾಮ ತಗೊಂಡವರು ಹೀಗೆ ಮಾಡಲ್ಲ. ಅದಕ್ಕೇ ಇಷ್ಟು ವರ್ಷದಿಂದ ನಿಮಗೆ ಹೇಳ್ತಾ ಬಂದೆ."

"ನಾನು ನಾಮ ತಗೊಳ್ಳೋದಿಲ್ಲ, ಬೆಹನ್‌ಜಿ. ನಾನು ಕ್ರಿಶ್ಚಿಯನ್."

ಹೇಳಿದ್ದೆ. ಐದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು, ಹೇಳಬಾರದ ಹೊತ್ತಿನಲ್ಲಿ ಹೊರಬಂತು. ಅವರು ನನ್ನ ಹಣೆ, ಕುತ್ತಿಗೆ, ಕೈ ಎಲ್ಲ ಒಮ್ಮೆ ನೋಡಿದರು, ಮೊದಲ ಸಲ ನೋಡುವವರ ಹಾಗೆ.

"ನಿಮ್ಮಲ್ಲಿ ಸುಳ್ಳು ನಡೆಯತ್ತಾ?"

"ಇಲ್ಲ. ನಮ್ಮಲ್ಲೂ ಇಲ್ಲ."

ಅವರು ಸ್ಟೂಲಿನ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ಕೋಪದ ಮಾತು ಇನ್ನೂ ಬರುತ್ತದೆ ಎಂದು ಕಾಯುತ್ತಾ ನಿಂತೆ.

"ಒಟ್ಟಿಗೆ ಊಟ ಮಾಡಿದರೆ ಬರತ್ತಾ?"

"ಇಲ್ಲ. ತಟ್ಟೆ, ಲೋಟ, ಯಾವುದರಿಂದಲೂ ಇಲ್ಲ."

"ನನ್ನ ಮಗನಿಗೆ ಸೂಜಿ ಇದೆ ಅಂದಳು. ಎಷ್ಟು?"

"ಮೊದಲು ಅವರದೂ ಒಂದು ಪರೀಕ್ಷೆ. ಆಮೇಲೆ ಮೂರು ಸೂಜಿ. ಇವತ್ತು ಒಂದು ಅಂದರೆ ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು."

ಬೆಹನ್‌ಜಿ ಬೆರಳು ಮಡಿಸಿ ಎಣಿಸಿದರು. ಜೂನ್, ಜುಲೈ, ಡಿಸೆಂಬರ್. "ಹಾಗಾದರೆ ನವೆಂಬರ್ ಆಗಲ್ಲ" ಎಂದರು. ಇಲ್ಲಿಂದ ಮಾತು ಎರಡು ಕಡೆಗೂ ಹೋಗಬಹುದಿತ್ತು. ಅವರು ಗೋಡೆಯ ಮೇಲಿನ ರಕ್ತದ ಗುಂಪುಗಳ ಪಟವನ್ನು ನೋಡುತ್ತಾ, ನನ್ನ ಕಡೆ ತಿರುಗದೆ ಹೇಳಿದರು: "ಮದುವೆ ಜನವರಿ ಆದಮೇಲೆ. ಯಾಕೆ ಮುಂದೆ ಹೋಯಿತು ಅಂತ ಸತ್ಸಂಗದಲ್ಲಿ ಕೇಳ್ತಾರೆ. ಮಹಾರಾಜ್‌ಜಿಯ ಆಜ್ಞೆ ಆಗಿದೆ ಅಂತ ಹೇಳ್ತೀನಿ."

ಅಂಥ ಆಜ್ಞೆ ಯಾವುದೂ ಆಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗುರುವಿನ ಹೆಸರಿನಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ನನಗೆ ಅಳು ಬಂತು, ತಡೆಯಲಿಲ್ಲ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಪರದೆ ಸರಿಸುವಾಗ ನಿಂತು, "ಮುಂದಿನ ವರ್ಷ ಕ್ಯಾಂಪು ನಿಮ್ಮ ಆಸ್ಪತ್ರೆಗೇ. ನೀವು ಮಾತ್ರ ಬರಬೇಡಿ" ಎಂದರು. ಹೊರಗೆ ನೇಹಾಳ ಕೈಯಿಂದ ಹತ್ತಿ ತೆಗೆದು, ರಕ್ತ ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅವಳ ತೋಳು ಹಿಡಿದುಕೊಂಡೇ ಮೆಟ್ಟಿಲಿಳಿದರು.

ಎರಡನೆಯ ಪರೀಕ್ಷೆಯೂ ಸೋಂಕನ್ನೇ ತೋರಿಸಿತು. ಹುಡುಗಿ ಲಿವರ್ ಡಾಕ್ಟರ ಹತ್ತಿರ ಓಡಾಡತೊಡಗಿದಳು. ಪ್ರತಿ ಸಲ ಜೊತೆಗೆ ಬೆಹನ್‌ಜಿ. ದೂರದಿಂದ ಕಂಡರೆ ನಾನೇ ಕಾರಿಡಾರು ಬದಲಿಸುತ್ತಿದ್ದೆ. ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಲ್ಯಾಬಿನ ಫೋನಿಗೆ ನನ್ನನ್ನು ಕೇಳಿ ಕರೆ ಬಂತು. "ಮಗನಿಗೆ ಮೂರನೆಯದೂ ಆಯಿತು" ಎಂದಿತು ಆ ಕಡೆಯ ದನಿ. "ಒಳ್ಳೆಯದಾಯಿತು, ಬೆಹನ್‌ಜಿ" ಎಂದೆ. ಅವರು ಇನ್ನೇನೋ ಹೇಳುತ್ತಾರೆ ಎಂದು ರಿಸೀವರ್ ಕಿವಿಗೊತ್ತಿಕೊಂಡು ನಿಂತೆ. ನಾಮದ ಮಾತು ಎತ್ತುತ್ತಾರೆ, ಮನೆಯವರು ಏನಂದರು ಎನ್ನುತ್ತಾರೆ ಎಂದು ಕಾದೆ. ಈ ಸಲ ಹೆದರಿಕೆಯಿಲ್ಲದೆ ಉತ್ತರ ಕೊಡುತ್ತಿದ್ದೆ. ಅವರು ಕೇಳಲಿಲ್ಲ. ಫೋನ್ ಇಟ್ಟರು.